ಪದ ಪರಿಚಯ: ‘ಪ್ರಾಬಬಲ್ ಲಿಂಕ್’

‘ಪ್ರಾಬಬಲ್ ಲಿಂಕ್’ ಎಂಬುದನ್ನು ‘ನಂಟು ಇದ್ದರೂ ಇರಬಹುದು’ ಎಂದು ಕನ್ನಡಕ್ಕೆ ತಂದುಬಿಡುವುದು ಸುಲಭ. ನಾನೂ ಮೊದಲು ಹಾಗೆಯೇ ಓದಿಕೊಂಡಿದ್ದೆ. ಆದರೆ ನಮ್ಮ ‘ಇರಬಹುದು’ ತೀರಾ ಸಡಿಲ. ಮಳೆ ಬರಬಹುದು, ಬಸ್ಸು ಸಿಗಬಹುದು ಎಂಬಷ್ಟೇ ಸಡಿಲ. ಕುಡಿಯುವ ನೀರಿನ ಒಂದು ಮೊಕದ್ದಮೆಯಲ್ಲಿ ಈ ಎರಡು ಪದಗಳಿಗೆ ಬಿಗಿಯಾದ ಅರ್ಥ ಕಟ್ಟಿಕೊಟ್ಟಿದ್ದರು.

ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ, ಪಾರ್ಕರ್ಸ್‌ಬರ್ಗ್ ಊರಿನ ಹತ್ತಿರ, ಓಹಾಯೊ ನದಿಯ ದಂಡೆಯಲ್ಲಿ ಡುಪಾಂಟ್ ಕಂಪನಿಯ ಕಾರ್ಖಾನೆಯಿತ್ತು. ಟೆಫ್ಲಾನ್ ತಯಾರಿಕೆಗೆ ಅಲ್ಲಿ 1951ರಿಂದ ‘ಸಿ8’ ಬಳಸುತ್ತಿದ್ದರು. ಎಂಟು ಇಂಗಾಲದ ಪರಮಾಣುಗಳಿರುವ ರಾಸಾಯನಿಕ, ಅದಕ್ಕೇ ಆ ಹೆಸರು. ಈಗ ಪಿಎಫ್‌ಒಎ ಎನ್ನುತ್ತಾರೆ. ಅದು ಗಾಳಿಗೆ ಹೋಯಿತು, ನದಿಗೆ ಹೋಯಿತು, ಕೊನೆಗೆ ಸುತ್ತಲಿನವರ ನಲ್ಲಿಗೂ ಬಂತು. 2001ರಲ್ಲಿ ನಿವಾಸಿಗಳು ಸಾಮೂಹಿಕ ದಾವೆ ಹೂಡಿದರು. ಅವರ ಪರ ನಿಂತ ವಕೀಲರಲ್ಲಿ ರಾಬ್ ಬಿಲಟ್ ಪ್ರಮುಖರು.

ಸಿ8 ಕುಡಿದರೆ ಕಾಯಿಲೆ ಬರುತ್ತದೆಯೇ ಎಂಬ ಪ್ರಶ್ನೆಗೆ ಎರಡೂ ಕಡೆಯವರು ಒಪ್ಪುವ ಉತ್ತರ ಆಗ ಇರಲಿಲ್ಲ. ಹಾಗಾಗಿ 2005ರಲ್ಲಿ ನ್ಯಾಯಾಲಯದ ಒಪ್ಪಿಗೆ ಪಡೆದ ರಾಜಿಯಲ್ಲಿ ಒಂದು ಅಪರೂಪದ ಏರ್ಪಾಡು ಮಾಡಿಕೊಂಡರು. ಇಬ್ಬರಿಗೂ ಒಪ್ಪಿಗೆಯಾದ ಮೂವರು ಸೋಂಕುಶಾಸ್ತ್ರಜ್ಞರು (ಹೆಸರಿನಲ್ಲಿ ಸೋಂಕಿದ್ದರೂ ಇವರ ಕೆಲಸ ಸೋಂಕಿಗಷ್ಟೇ ಸೀಮಿತವಲ್ಲ; ಯಾವುದೇ ಕಾಯಿಲೆ ಜನರಲ್ಲಿ ಯಾರಿಗೆ, ಏಕೆ ಬರುತ್ತದೆಂದು ಹುಡುಕುವವರು) ಒಂದೊಂದೇ ಕಾಯಿಲೆಯನ್ನು ಪರಿಶೀಲಿಸಬೇಕು. ದೊರೆತ ವೈಜ್ಞಾನಿಕ ಸಾಕ್ಷ್ಯವನ್ನೆಲ್ಲ ತೂಗಿದಾಗ, ಈ ಜನರಲ್ಲಿ ಸಿ8ಗೂ ಆ ಕಾಯಿಲೆಗೂ ನಂಟಿಲ್ಲ ಎನ್ನುವುದಕ್ಕಿಂತ ಇದೆ ಎನ್ನುವುದೇ ಹೆಚ್ಚು ಸಂಭವ ಅನ್ನಿಸಿದರೆ, ಅದು ಪ್ರಾಬಬಲ್ ಲಿಂಕ್. ತಕ್ಕಡಿ ಗುಲಗಂಜಿಯಷ್ಟು ವಾಲಿದರೂ ಸಾಕು. ‘ಇನ್ನಷ್ಟು ಅಧ್ಯಯನ ಬೇಕು’ ಎಂದು ಹೇಳಿ ಎದ್ದುಹೋಗುವ ಸಂಶೋಧಕರ ಮಾಮೂಲಿ ದಾರಿ ಇಲ್ಲಿ ಮುಚ್ಚಿತ್ತು. ಇದೆ ಅಥವಾ ಇಲ್ಲ, ಎರಡರಲ್ಲಿ ಒಂದು ಹೇಳಲೇಬೇಕು.

ಸಾಕ್ಷ್ಯ ಒದಗಿಸಿದವರು ಊರಿನವರೇ. ರಾಜಿಯಲ್ಲಿ ಬಂದ 7 ಕೋಟಿ ಡಾಲರನ್ನು ಆರೋಗ್ಯ ಸಮೀಕ್ಷೆಗೆ ತೊಡಗಿಸಿದರು. ಪ್ರಶ್ನಾವಳಿ ತುಂಬಿ ರಕ್ತ ಕೊಟ್ಟವರಿಗೆ ತಲಾ 400 ಡಾಲರ್. 2005–06ರಲ್ಲಿ ಸುಮಾರು 69,000 ಜನ ಬಂದರು! ಆರು ನೀರು ಸರಬರಾಜು ಪ್ರದೇಶಗಳಲ್ಲಿ ಅಥವಾ ಹಾಗೆಯೇ ಕೆಟ್ಟ ಖಾಸಗಿ ಬಾವಿಗಳಿಂದ ಕನಿಷ್ಠ ಒಂದು ವರ್ಷ ಆ ನೀರು ಕುಡಿದಿರಬೇಕೆಂಬುದು ಷರತ್ತು. ನೀರಿನಲ್ಲಿ ಸಿ8 ಶತಕೋಟಿಗೆ 0.05 ಪಾಲಾದರೂ ಇರಬೇಕಿತ್ತು, ಅಂದರೆ 10,000 ಲೀಟರಿನ 2,000 ಟ್ಯಾಂಕರ್‌ಗಳಲ್ಲಿ ಒಟ್ಟು ಒಂದು ಗ್ರಾಂ. ಇಷ್ಟು ಕಡಿಮೆ ಏಕೆ ಲೆಕ್ಕಕ್ಕೆ ಬರುತ್ತದೆಂದರೆ, ಇದು ಒಳಗೆ ಹೋದರೆ ಬೇಗ ಹೊರಬರುವುದಿಲ್ಲ. ಅಲ್ಲಿ ನೀರಿಗೆ ಇದ್ದಿಲ ಫಿಲ್ಟರ್ ಹಾಕಿದ ಮೇಲೆ ಜನರ ರಕ್ತ ಪರೀಕ್ಷಿಸಿದಾಗ, ಸಿ8 ಅರ್ಧಕ್ಕಿಳಿಯಲು ಎರಡು ವರ್ಷಕ್ಕೂ ಹೆಚ್ಚು ಬೇಕೆಂದು ಗೊತ್ತಾಯಿತು.

2011–12ರಲ್ಲಿ ಆ ಮೂವರ ಸಮಿತಿ ಆರು ಕಾಯಿಲೆಗಳಿಗೆ ‘ಇದೆ’ ಎಂದಿತು: ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್ ಕಾಯಿಲೆ, ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು), ಏರಿದ ಕೊಲೆಸ್ಟ್ರಾಲ್, ಬಸಿರಿನಲ್ಲಿ ಕಾಣಿಸಿಕೊಳ್ಳುವ ರಕ್ತದೊತ್ತಡ. ಮಧುಮೇಹವೂ ಸೇರಿ ಉಳಿದವಕ್ಕೆ ‘ಇಲ್ಲ’.

ಈ ‘ಇಲ್ಲ’ವನ್ನು ‘ಸಿ8 ಇಂದ ಆ ಕಾಯಿಲೆ ಬರುವುದೇ ಇಲ್ಲ’ ಎಂದು ಓದಬಾರದು. ತಕ್ಕಡಿ ವಾಲುವಷ್ಟು ಸಾಕ್ಷ್ಯ ಸಿಗಲಿಲ್ಲ ಎಂದಷ್ಟೇ ಅದರರ್ಥ. ಆದರೂ ಒಪ್ಪಂದದ ಪ್ರಕಾರ ಆ ಕಾಯಿಲೆಗಳಿಗೆ ಪರಿಹಾರ ಕೇಳುವ ಬಾಗಿಲು ಮುಚ್ಚಿತು. ‘ಇದೆ’ ಎಂದಾದಲ್ಲಿ, ಸಿ8 ಆ ಕಾಯಿಲೆ ತರಬಲ್ಲದು ಎಂಬುದನ್ನು ಕಂಪನಿ ಮತ್ತೆ ಪ್ರಶ್ನಿಸುವಂತಿರಲಿಲ್ಲ. ನನ್ನ ಕಾಯಿಲೆ ಅದರಿಂದಲೇ ಬಂತು ಎಂದು ಸಾಧಿಸುವ ಹೊಣೆ ಮಾತ್ರ ರೋಗಿಯ ಮೇಲೇ ಉಳಿಯಿತು. ಸುಮಾರು 3,500 ಮೊಕದ್ದಮೆಗಳು 2017ರಲ್ಲಿ 67 ಕೋಟಿ ಡಾಲರಿಗೆ ಇತ್ಯರ್ಥವಾದವು.

ಕ್ಯಾನ್ಸರ್‌ಕಾರಕಗಳನ್ನು ವಿಂಗಡಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಎಆರ್‌ಸಿಯ ಪಟ್ಟಿಯಲ್ಲೂ ‘ಪ್ರಾಬಬ್ಲಿ’ ಎಂಬ ದರ್ಜೆಯಿದೆ. ಅಲ್ಲಿಯ ಅಳತೆಗೋಲೇ ಬೇರೆ, ಇದರೊಂದಿಗೆ ಬೆರೆಸಬಾರದು. ಅಂದಹಾಗೆ, ‘ಪಾಸಿಬ್ಲಿ’ ದರ್ಜೆಯಲ್ಲಿದ್ದ ಪಿಎಫ್‌ಒಎ 2023ರಲ್ಲಿ ಈ ‘ಪ್ರಾಬಬ್ಲಿ’ ಮೆಟ್ಟಿಲನ್ನೇ ಹಾರಿ, ಖಚಿತ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿತು.