ಹೊಳೆದಂಡೆಯ ಮನೆಗೆ ಅಳತೆ ಎಲ್ಲಿಂದ?

ಕುಮಟಾ, ಹೊನ್ನಾವರ ಕಡೆಯ ಮನೆಗಳಿಗೆ ನಕ್ಷೆ ತಯಾರಿಸುವ ನನ್ನ ಬಳಿಗೆ ಹೊಳೆದಂಡೆಯ ಜಾಗದ ಕಾಗದಪತ್ರ ಹಿಡಿದು ಬರುವವರಲ್ಲಿ ಹೆಚ್ಚಿನವರು ಪಹಣಿ, ಭೂಪರಿವರ್ತನೆಯ ಆದೇಶ ಮತ್ತು ಪಂಚಾಯತಿಯ ಇ-ಸ್ವತ್ತು ನಮೂನೆ, ಈ ಮೂರನ್ನೂ ಸರಿಯಾಗಿಯೇ ತಂದಿರುತ್ತಾರೆ. ಜಾಗ ಯಾರದು, ಅದು ಕೃಷಿಭೂಮಿಯೇ ಅಲ್ಲವೇ, ತೆರಿಗೆ ಯಾರ ಹೆಸರಿನಲ್ಲಿದೆ ಎಂಬುದನ್ನು ಈ ದಾಖಲೆಗಳು ಹೇಳುತ್ತವೆ. ಆ ಜಾಗದ ಯಾವ ಭಾಗದಲ್ಲಿ ಅಡಿಪಾಯ ತೋಡಬಹುದು ಎಂಬುದನ್ನು ಹೇಳುವುದು ಮಾತ್ರ ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್‌ನ ನಕ್ಷೆ. ಅದನ್ನು ನೋಡಿ ಬಂದವರು ವಿರಳ.

ಸಿಆರ್‌ಝಡ್ ಎಂದರೆ ಸಮುದ್ರ ತೀರದ ವಿಷಯ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಪರಿಸರ ಸಂರಕ್ಷಣಾ ಕಾಯ್ದೆಯಡಿ 1991ರಲ್ಲಿ ಮೊದಲು ಹೊರಟು, 2011ರಲ್ಲಿ ಮತ್ತು 2019ರಲ್ಲಿ ಹೊಸದಾಗಿ ಬಂದ ಈ ಅಧಿಸೂಚನೆ ಉಬ್ಬರ ಇಳಿತವಿರುವ ಹೊಳೆ, ಅಳಿವೆ, ಹಿನ್ನೀರುಗಳಿಗೂ ಅನ್ವಯಿಸುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳ ಕೆಳಭಾಗದ ದಂಡೆಗಳೆಲ್ಲ ಇದರೊಳಗೆ ಬರುತ್ತವೆ. ಹೊಳೆಯ ಎಷ್ಟು ಮೇಲಿನವರೆಗೆ ಈ ನಿಯಮ ಎಂಬುದನ್ನು ನೀರಿನ ಉಪ್ಪೇ ನಿರ್ಧರಿಸುತ್ತದೆ: ವರ್ಷದ ಅತ್ಯಂತ ಒಣ ದಿನಗಳಲ್ಲಿ ಸಾವಿರ ಭಾಗ ನೀರಿಗೆ ಐದು ಭಾಗ ಉಪ್ಪು ಎಲ್ಲಿಯವರೆಗೆ ಸಿಗುತ್ತದೆಯೋ ಅಲ್ಲಿಯವರೆಗೆ. ಮಳೆಗಾಲದಲ್ಲಿ ಸಿಹಿನೀರು ಹರಿಯುವುದನ್ನು ಕಂಡು ಜಾಗ ಕೊಂಡವರು ಏಪ್ರಿಲ್, ಮೇ ತಿಂಗಳಲ್ಲಿ ಅದೇ ನೀರನ್ನು ಒಮ್ಮೆ ಬಾಯಿಗೆ ಹಾಕಿ ನೋಡಬೇಕು ಎಂದು ನಾನು ಹೇಳುವುದು ಇದಕ್ಕಾಗಿ.

2019ರ ಅಧಿಸೂಚನೆಯ ಪ್ರಕಾರ ಹೊಳೆದಂಡೆಯಲ್ಲಿ ನಿಯಂತ್ರಿತ ಪಟ್ಟಿಯ ಅಗಲ 50 ಮೀಟರ್ ಅಥವಾ ಹೊಳೆಯ ಅಗಲ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. 35 ಮೀಟರ್ ಅಗಲದ ಕೋಡಿಯ (ಉಬ್ಬರದ ನೀರು ಬರುವ ಕಿರುಹೊಳೆಯ) ಬದಿಯಲ್ಲಿ 35 ಮೀಟರ್, ಅಘನಾಶಿನಿಯ ಅಳಿವೆಯ ಬದಿಯಲ್ಲಿ 50 ಮೀಟರ್. ಹಳ್ಳಿಗಳಲ್ಲಿ ಈ ಪಟ್ಟಿ ಪೂರ್ತಿಯಾಗಿ ಅಭಿವೃದ್ಧಿ ನಿಷೇಧಿತ ವಲಯ. ಸಮುದ್ರದ ಬದಿಯಲ್ಲಿ ಲೆಕ್ಕ ಬೇರೆ: ಚದರ ಕಿಲೋಮೀಟರಿಗೆ 2,161ಕ್ಕಿಂತ ಕಡಿಮೆ ಜನರಿರುವ ಗ್ರಾಮೀಣ ಭಾಗದಲ್ಲಿ, ಅಂದರೆ ನಮ್ಮ ಜಿಲ್ಲೆಯ ಹಳ್ಳಿಗಳ ಮಟ್ಟಿಗೆ, ಮೊದಲ 200 ಮೀಟರ್ ನಿಷೇಧಿತ, ಅಲ್ಲಿಂದ 500 ಮೀಟರಿನವರೆಗೆ ಷರತ್ತಿನ ಅನುಮತಿ. ಕಾರವಾರದಂತಹ ನಗರ ಪ್ರದೇಶದಲ್ಲಿ ಈಗಾಗಲೇ ಇರುವ ರಸ್ತೆ ಅಥವಾ ಅಧಿಕೃತ ಕಟ್ಟಡದ ಒಳಬದಿಗೆ, ಅಂದರೆ ಭೂಮಿಯ ಕಡೆಗೆ, ಕಟ್ಟಲು ಅವಕಾಶವಿದೆ.

ಹೆಚ್ಚಿನ ತಪ್ಪು ನಡೆಯುವುದು ಅಳತೆ ಶುರುವಾಗುವ ಜಾಗದಲ್ಲಿ. ಹೊನ್ನಾವರ ತಾಲ್ಲೂಕಿನಲ್ಲಿ ಮುಂಬೈಯಿಂದ ಊರಿಗೆ ಮರಳಿದ ಒಂದು ಕುಟುಂಬ ಜನವರಿಯ ಇಳಿತದ ಹೊತ್ತಿನಲ್ಲಿ ನೀರಿನಂಚಿಗೆ ಟೇಪು ಹಿಡಿದು, 55 ಮೀಟರ್ ಬಿಟ್ಟು, ಚಿರೇಕಲ್ಲಿನ ಪಂಚಾಂಗ, ಅಂದರೆ ಗೋಡೆ ಏಳುವ ಮೊದಲಿನ ಅಡಿಪಾಯದ ಕಟ್ಟೆ, ಮುಗಿಸಿತ್ತು. ಆಮೇಲೆ ನನ್ನನ್ನು ಕರೆಸಿದರು. ಅಳತೆ ಶುರುವಾಗಬೇಕಾದದ್ದು ನೀರಿನಂಚಿನಿಂದಲ್ಲ, ಉಬ್ಬರದ ರೇಖೆಯಿಂದ. ಕಾನೂನು ಹೇಳುವ ಈ ರೇಖೆ ಎಂದರೆ ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತದಲ್ಲಿ ನೀರು ನೆಲದ ಮೇಲೆ ತಲುಪುವ ಗೆರೆ. ಅಲ್ಲಿ ಅದು ಇಳಿತದ ಅಂಚಿನಿಂದ ಸುಮಾರು 20 ಮೀಟರ್ ಒಳಗಿತ್ತು. ಪಂಚಾಂಗದ ಮುಂಭಾಗ ನಿಷೇಧಿತ ಪಟ್ಟಿಯೊಳಗೇ ನಿಂತಿತ್ತು. "ಪಹಣಿ ನಮ್ಮ ಹೆಸರಿನಲ್ಲೇ ಇದೆಯಲ್ಲ" ಎಂದು ಮನೆಯ ಹಿರಿಯರು ಎರಡು ಸಲ ಹೇಳಿದರು. ಸಾಲ ತೆಗೆದು ಕಟ್ಟಿದ ಆ ಕಲ್ಲನ್ನು ಬಿಚ್ಚಿ ಹಿಂದೆ ಸರಿಸಲು ಹೇಳಬೇಕಾದಾಗ ನನಗೂ ಸಂಕಟವಾಯಿತು.

ಈ ರೇಖೆಯನ್ನು ನಾನಾಗಲೀ ನೀವಾಗಲೀ ಕಣ್ಣಳತೆಯಲ್ಲಿ ಗುರುತಿಸುವಂತಿಲ್ಲ. ಅದು ಅನುಮೋದಿತ ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಯಲ್ಲಿದೆ. ಆ ನಕ್ಷೆಯನ್ನು ಓದುವಾಗಲೂ ಎಚ್ಚರ ಬೇಕು. 1:25,000 ಪ್ರಮಾಣದ ಹಾಳೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 25 ಮೀಟರ್, ಆದ್ದರಿಂದ ಪೆನ್ಸಿಲಿನ ಗೆರೆಯ ದಪ್ಪದಲ್ಲೇ ಒಂದು ಕೋಣೆ ಹೋಗಿಬಿಡುತ್ತದೆ. ಸರ್ವೆ ನಂಬರು ಕಾಣುವ ದೊಡ್ಡ ಪ್ರಮಾಣದ ಗ್ರಾಮ ನಕ್ಷೆಯ ಮೇಲೆ ಗೆರೆಯನ್ನು ತೋರಿಸಿಕೊಂಡು, ನಿಮ್ಮ ಗಡಿಕಲ್ಲಿನಿಂದ ಅದರ ದೂರವನ್ನು ಬರವಣಿಗೆಯಲ್ಲಿ ಪಡೆಯುವವರೆಗೆ ಜಾಗಕ್ಕೆ ಮುಂಗಡ ಕೊಡಬೇಡಿ.

ದಂಡೆಯಲ್ಲಿ ಕಾಂಡ್ಲಾ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಗಿಡಗಳಿದ್ದರೆ ಅವನ್ನು ಕಡಿದು ಮಣ್ಣು ತುಂಬಿಸುವ ಯೋಚನೆಯನ್ನೇ ಕೈಬಿಡಬೇಕು. ಸರ್ಕಾರಿ ಜಾಗದಲ್ಲಿ ಕಾಂಡ್ಲಾ 1,000 ಚದರ ಮೀಟರಿಗಿಂತ ಹೆಚ್ಚು ಹರಡಿದ್ದರೆ ಅದರ ಸುತ್ತ ಇನ್ನೂ 50 ಮೀಟರ್ ಬಿಡಬೇಕಾಗುತ್ತದೆ, ಮತ್ತು ಆ ಪಟ್ಟಿ ಪಕ್ಕದ ನಿಮ್ಮ ಜಾಗಕ್ಕೂ ಚಾಚಬಹುದು. ಅಘನಾಶಿನಿ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ರಾಮ್ಸಾರ್ ಮಾನ್ಯತೆ ದೊರೆತ ಮೇಲಂತೂ ಅಲ್ಲಿನ ಗಜನಿ ಭೂಮಿಯನ್ನು, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯನ್ನು, ನಿವೇಶನವಾಗಿ ನೋಡುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ.

ನಿಷೇಧಿತ ಪಟ್ಟಿಯೊಳಗಿನ ಅಧಿಕೃತ ಹಳೆಯ ಮನೆಯನ್ನು ದುರಸ್ತಿ ಮಾಡಲು, ಇದ್ದ ಪಂಚಾಂಗದ ಅಳತೆಯನ್ನು ಮೀರದೆ ಮತ್ತೆ ಕಟ್ಟಲು ಅವಕಾಶವುಂಟು. ಹಾಗಾಗಿ ಹಳೆಯ ಹೆಂಚಿನ ಮನೆಯನ್ನು ಕೆಡಹುವ ಮೊದಲು ಅದರ ಅಳತೆ, ಫೋಟೋ, ಹಿಂದಿನ ತೆರಿಗೆ ರಸೀದಿಗಳನ್ನು ಜೋಡಿಸಿಕೊಳ್ಳಬೇಕು. ಕೆಡಹಿದ ಮೇಲೆ ಮನೆಯಿತ್ತೆಂದು ಸಾಧಿಸುವುದು ಕಷ್ಟ. ಅನುಮತಿ ಸಿಗುವ ಭಾಗದಲ್ಲಿ ಸ್ವಂತ ವಾಸಕ್ಕಾಗಿ 300 ಚದರ ಮೀಟರಿನವರೆಗಿನ ಮನೆಗೆ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಶಿಫಾರಸು ಬೇಡ, ಸ್ಥಳೀಯ ಸಂಸ್ಥೆಯೇ ನಿಯಮ ಪರಿಶೀಲಿಸಿ ಒಪ್ಪಿಗೆ ಕೊಡಬಹುದು. ಈ ರಿಯಾಯಿತಿ ನಿಷೇಧಿತ ಪಟ್ಟಿಗೂ ಅನ್ವಯಿಸುತ್ತದೆಂದು ಕೆಲವರು ತಪ್ಪು ತಿಳಿಯುತ್ತಾರೆ.

ಇನ್ನೊಂದು ವಿಷಯ ಕಾನೂನಿನಲ್ಲಿಲ್ಲ, ಆದರೆ ನನ್ನ ನಕ್ಷೆಗಳಲ್ಲಿದೆ. ಉಬ್ಬರದ ರೇಖೆ ಬೇರೆ, ನೆರೆಯ ಗೆರೆ ಬೇರೆ. 2019ರ ಆಗಸ್ಟಿನಲ್ಲಿ ಗಂಗಾವಳಿ ಉಕ್ಕಿದಾಗ ನೀರು ಉಬ್ಬರದ ರೇಖೆಯಿಂದ ಎಷ್ಟೋ ದೂರದ ಮನೆಗಳಿಗೂ ನುಗ್ಗಿತು. ಆದ್ದರಿಂದ ಅನುಮತಿ ಕೈಗೆ ಬಂದ ಮೇಲೂ ನಾನು ಪಕ್ಕದ ಮನೆಯವರ ಗೋಡೆಯ ಮೇಲೆ ಆ ವರ್ಷ ನೀರು ನಿಂತ ಗುರುತನ್ನು ಕೇಳಿ ತಿಳಿದು, ಪಂಚಾಂಗದ ಎತ್ತರವನ್ನು ಅದಕ್ಕಿಂತ ಒಂದಡಿ ಮೇಲಿಡುತ್ತೇನೆ.