ಕೊಳೆಮದ್ದಿನ ಬರಹ ಹುಡುಕಿದವರಿಗೆ ಸಿಗಬೇಕಾದರೆ

ಮಳೆಗಾಲ ಹತ್ತಿರವಾದಂತೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರಿಗೆ ಅಡಿಕೆ ಕೊಳೆರೋಗದ ಚಿಂತೆ ಶುರು. ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣವೇ ಕೊಳೆಮದ್ದು. ‘ಕೊಳೆಮದ್ದು ಮಾಡುವುದು ಹೇಗೆ’ ಎಂದು ಮೊಬೈಲಿನಲ್ಲಿ ಹುಡುಕಿದವರಿಗೆ ಬೇಕಾದದ್ದು ಅಳತೆ ಮತ್ತು ಕ್ರಮ. ಅಡಿಕೆಯ ಮಹತ್ವ, ಬೆಳೆಯ ಇತಿಹಾಸ ಎಂದು ನಾಲ್ಕು ಪ್ಯಾರಾ ಸುತ್ತಾಡಿ, ಕೊನೆಗೆ ‘ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸಿ’ ಎಂದು ಮುಗಿಸುವ ಪುಟ ಅವರ ಹೊತ್ತನ್ನಷ್ಟೇ ತಿನ್ನುತ್ತದೆ.

ಗೂಗಲ್‌ನಂಥ ಸರ್ಚ್ ಎಂಜಿನ್ನಿನ ತಂತ್ರಾಂಶ ಕೊಂಡಿಯಿಂದ ಕೊಂಡಿಗೆ ಹೋಗುತ್ತ ಪುಟಗಳನ್ನು ಒಟ್ಟುಮಾಡುತ್ತದೆ. ಯಾವ ಪದ ಯಾವ ಪುಟದಲ್ಲಿದೆ ಎಂಬ ಸೂಚಿಯನ್ನು ಮೊದಲೇ ಕಟ್ಟಿಟ್ಟುಕೊಳ್ಳುತ್ತದೆ. ನಾವು ಹುಡುಕಿದಾಗ ಅದು ನೋಡುವುದು ಆ ಸೂಚಿಯನ್ನೇ. ಕಡಿಮೆ ಪುಟಗಳಲ್ಲಿ ಸಿಗುವ ಪದಕ್ಕೆ ಹೆಚ್ಚು ತೂಕ ಕೊಡಬೇಕೆಂದು 1972ರಲ್ಲಿ ತೋರಿಸಿಕೊಟ್ಟವರು ಬ್ರಿಟನ್ನಿನ ಕಂಪ್ಯೂಟರ್ ವಿಜ್ಞಾನಿ ಕರೆನ್ ಸ್ಪಾರ್ಕ್ ಜೋನ್ಸ್. ‘ಅಡಿಕೆ’ ಎಲ್ಲೆಲ್ಲೂ ಇದೆ. ‘ಮೈಲುತುತ್ತ’ (ತಾಮ್ರದ ಸಲ್ಫೇಟ್), ‘ಕೊಟ್ಟೆ ಕಟ್ಟುವುದು’ (ಮಳೆ ತಾಗದಂತೆ ಗೊನೆಗೆ ಹೊದಿಕೆ ಕಟ್ಟುವುದು) ಅಷ್ಟೆಲ್ಲ ಸಿಗುವುದಿಲ್ಲ. ವಿಷಯ ಬಲ್ಲವರ ಬರಹದಲ್ಲಿ ಇಂಥ ಪದಗಳು ತಾವಾಗಿ ಬರುತ್ತವೆ. ಒಂದೇ ಪದವನ್ನು ಇಪ್ಪತ್ತು ಸಲ ತುರುಕಿದರೆ ತೂಕ ಇಪ್ಪತ್ತು ಪಟ್ಟಾಗುವುದಿಲ್ಲ, ಸ್ಪ್ಯಾಮ್ ಎಂಬ ಹಣೆಪಟ್ಟಿ ಮಾತ್ರ ಬೀಳಬಹುದು. ಪುಟದ ಹಿನ್ನೆಲೆಯಲ್ಲಿ ಕೀವರ್ಡ್ ಟ್ಯಾಗ್ (ಓದುಗರಿಗೆ ಕಾಣದ ಪದಪಟ್ಟಿ) ತುಂಬುವುದೂ ವ್ಯರ್ಥ. ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿದೆ. ಹುಡುಕಾಟದ ಕ್ರಮದಲ್ಲಿ 2011ರಲ್ಲಿ ತಂದ ‘ಪಾಂಡಾ’ ಎಂಬ ಬದಲಾವಣೆಯಿಂದ ಈಚೆಗೆ ತೆಳು ಬರಹ, ನಕಲು ಬರಹ ತುಂಬಿದ ತಾಣಗಳನ್ನು ಅದು ಕೆಳಕ್ಕೆ ತಳ್ಳುತ್ತಿದೆ.

ಒಳ್ಳೆಯ ಪುಟ ಹೇಗಿರಬೇಕು? ‘ಅಡಿಕೆ ಕೊಳೆರೋಗ: 100 ಲೀಟರ್ ಬೋರ್ಡೋ ದ್ರಾವಣ ಮಾಡುವ ಕ್ರಮ’ ಎಂದು ಶೀರ್ಷಿಕೆಯಲ್ಲೇ ವಿಷಯ ಇರಲಿ. ಮೊದಲ ಪ್ಯಾರಾದಲ್ಲೇ ಉತ್ತರ ಬರಲಿ: 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಟ್ಟ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆಬೇರೆಯಾಗಿ ಕರಗಿಸಿ, ಸುಣ್ಣದ ನೀರನ್ನು ಸೋಸಿ, ಅದಕ್ಕೆ ಮೈಲುತುತ್ತದ ನೀರನ್ನು ನಿಧಾನವಾಗಿ ಹೊಯ್ಯುತ್ತ ಕಲಕಬೇಕು. ಪ್ಲಾಸ್ಟಿಕ್ ಡ್ರಮ್ಮೇ ಬೇಕು, ಕಬ್ಬಿಣದ್ದು ಬೇಡ. ಉಜ್ಜಿ ತೊಳೆದ ಕತ್ತಿಯನ್ನು ಅದ್ದಿ ನೋಡಿದಾಗ ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ದ್ರಾವಣ ಇನ್ನೂ ಆಮ್ಲೀಯವಾಗಿದೆ. ಮತ್ತಷ್ಟು ಸುಣ್ಣದ ನೀರು ಸೇರಿಸಬೇಕು. ಮಾಡಿದ ದಿನವೇ ಹೊಡೆದು ಮುಗಿಸಬೇಕು. ಮಳೆ ಹಿಡಿಯುವ ಮುಂಚೆ ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ. ನಕಲು ಮಾಡುವವರ ಕೈಯಲ್ಲಿ ಮೊದಲು ಬಿಟ್ಟುಹೋಗುವುದು ಕತ್ತಿಯ ಪರೀಕ್ಷೆಯಂಥ ಸಾಲು. ಸುಣ್ಣ ಹಳೆಯದಾಗಿ ಸತ್ವ ಕಳೆದುಕೊಂಡಿದ್ದರೆ ಕಾಯಿ, ಸೋಗೆ ಸುಡದಂತೆ ಕಾಪಾಡುವುದೂ ಆ ಸಾಲೇ.

ಇಷ್ಟೆಲ್ಲ ಬರೆದೂ ಪುಟ ಯಾರಿಗೂ ಸಿಗದಿರಲು ಕನ್ನಡದಲ್ಲಿ ಒಂದು ವಿಶೇಷ ಕಾರಣವಿದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ‘ಅಡಿಕೆ’ ತೆರೆಯ ಮೇಲೆ ಅಡಿಕೆಯಾಗಿಯೇ ಕಂಡರೂ, ಕಡತದ ಒಳಗೆ ಇರುವುದು ಸಿ, ಆರ್, ಪಿ ಎಂಬ ರೋಮನ್ ಅಕ್ಷರಗಳು ಮತ್ತು ಒಂದು ಚಿಹ್ನೆ. ಸೂಚಿಗೆ ಹೋಗುವುದೂ ಅದೇ. ಕನ್ನಡ ಅಕ್ಷರವನ್ನು ಕನ್ನಡವಾಗಿಯೇ ಉಳಿಸುವ ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತು ಕೆಟ್ಟಿವೆಯೇ ಎಂದು ಒಮ್ಮೆ ಕಣ್ಣಾಡಿಸಿಯೇ ಏರಿಸಬೇಕು. ಕರಪತ್ರದ ಫೋಟೋ ತೆಗೆದು ಹಾಕಿದರೆ ಸಾಲದು. ಅದರಲ್ಲಿರುವ ಮಾತನ್ನು ಪಠ್ಯವಾಗಿಯೂ ಕೊಡಿ.

ಕಣಿವೆಯ ತೋಟಗಳಲ್ಲಿ ಸಿಗ್ನಲ್ ಸಿಗುವುದೇ ಕಷ್ಟ. ಕ್ಯಾಮೆರಾದಿಂದ ಬಂದ 5 ಎಂಬಿ ಚಿತ್ರವನ್ನು ಹಾಗೇ ಹಾಕದೆ 100-200 ಕೆಬಿಗೆ ಇಳಿಸಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕೆಂಬುದು ಗೂಗಲ್‌ನ ಮಾನದಂಡ. ವೇಗವೊಂದೇ ಪುಟವನ್ನು ಮೇಲಕ್ಕೇರಿಸದು, ಆದರೆ ತೆರೆದುಕೊಳ್ಳದ ಪುಟವನ್ನು ಓದುವವರು ಯಾರು?

ಏರಿಸಿದ ಮೇಲೆ ಗೂಗಲ್‌ನ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನದಲ್ಲಿ ತಾಣವನ್ನು ನೋಂದಾಯಿಸಿ. ಪುಟ ಸೂಚಿಗೆ ಸೇರಲು ಕೆಲವು ದಿನ, ಕೆಲವೊಮ್ಮೆ ವಾರಗಳೇ ಬೇಕು. ಹಾಗಾಗಿ ಕೊಳೆಮದ್ದಿನ ಬರಹವನ್ನು ಜೂನಿನಲ್ಲಿ ಏರಿಸಿದರೆ ತಡವಾಯಿತು, ಏಪ್ರಿಲಿನಲ್ಲೇ ಸಿದ್ಧವಿರಲಿ. ಜನ ಏನೆಂದು ಹುಡುಕಿ ಬಂದರು ಎಂಬ ಪಟ್ಟಿಯೂ ಅಲ್ಲಿ ಸಿಗುತ್ತದೆ. ‘ಮದ್ದು ಹೊಡೆದ ಮೇಲೆ ಮಳೆ ಬಂದರೆ’ ಎಂಬ ಹುಡುಕಾಟ ಅದರಲ್ಲಿದ್ದು, ನಿಮ್ಮ ಪುಟದಲ್ಲಿ ಅದಕ್ಕೆ ಉತ್ತರವಿಲ್ಲದಿದ್ದರೆ, ಮುಂದೆ ಬರೆಯಬೇಕಾದ ಪ್ಯಾರಾ ಅದೇ.