ಸೆಕೆಯ ಊರಿನಲ್ಲಿ ನಾಯಿಯ ಉಸಿರು

ಮೇ ತಿಂಗಳ ಸಂಜೆ ಮಾಟುಂಗಾದ ಫೈವ್ ಗಾರ್ಡನ್ಸ್ ಕಡೆ ಒಂದು ಸುತ್ತು ಹಾಕಿದರೆ ಮುಂಬೈಯ ಎಲ್ಲ ಬಗೆಯ ನಾಯಿಗಳೂ ಕಣ್ಣಿಗೆ ಬೀಳುತ್ತವೆ. ಲ್ಯಾಬ್ರಡಾರ್, ಪಗ್, ಶಿಟ್ಜು, ಈಗೀಗ ಹಸ್ಕಿ. ಎಲ್ಲವುಗಳ ನಾಲಿಗೆಯೂ ಹೊರಗೆ. ನೋಡುವವರು ಆಡುವ ಮಾತು ಮೂರೇ. "ಪಾಪ, ಬಾಯಾರಿದೆ." "ಓಡಿ ಸುಸ್ತಾಗಿದೆ." "ನೋಡಿ, ಹೇಗೆ ನಗ್ತಾ ಇದೆ!" ಈ ಮೂರನೆಯ ಮಾತು ಕೇಳಿದಾಗ ನನಗೆ ನಿಜವಾಗಿಯೂ ಗಾಬರಿಯಾಗುತ್ತದೆ. ಬಾಯಿಯ ಎರಡೂ ತುದಿ ಹಿಂದಕ್ಕೆ ಎಳೆದು, ಕಣ್ಣು ಕಿರಿದಾಗಿಸಿ, ನಾಲಿಗೆ ಉದ್ದಕ್ಕೆ ಚಾಚಿದ ಆ ಮುಖ ನಗುವಿನ ಹಾಗೆ ಕಾಣುತ್ತದೆ, ಸರಿ. ಆದರೆ ಮೈಯ ಬಿಸಿ ಏರುತ್ತಿರುವ ನಾಯಿಯ ಮುಖವೂ ಅದೇ.

ನಾಯಿ ಮೈಯಿಂದ ಬೆವರುವುದಿಲ್ಲ. ಬೆವರಿನ ಗ್ರಂಥಿ ಇರುವುದು ಅಂಗಾಲಿನಲ್ಲಿ. ಡಾಕ್ಟರ ಸ್ಟೀಲ್ ಟೇಬಲ್ ಮೇಲೆ ಹೆದರಿ ನಿಂತ ನಾಯಿಯನ್ನು ಎತ್ತಿಕೊಂಡ ಮೇಲೆ ಟೇಬಲ್ ನೋಡಿ, ನಾಲ್ಕು ಒದ್ದೆ ಹೆಜ್ಜೆ ಇರುತ್ತದೆ. ಅಷ್ಟೇ ಅದರ ಬೆವರು. ಅದರಿಂದ ಮೈ ತಂಪಾಗುವುದಿಲ್ಲ. ನಾಯಿಯ ಮೈಬಿಸಿ ಸಹಜವಾಗಿಯೇ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಜೀವಕ್ಕೇ ಅಪಾಯ. ಈ ಎರಡು ಡಿಗ್ರಿಯ ನಡುವೆ ಅದನ್ನು ಕಾಯುವುದು ಮುಖ್ಯವಾಗಿ ಉಸಿರು. ಆ ಏದುಸಿರಿನ ಕೆಲಸ ನನಗೆ ಎಷ್ಟು ಸಲ ಓದಿದರೂ ಮುಗಿಯದ ಬೆರಗು.

ಆರಾಮಾಗಿ ಮಲಗಿದ ನಾಯಿ ನಿಮಿಷಕ್ಕೆ 10ರಿಂದ 30 ಸಲ ಉಸಿರಾಡುತ್ತದೆ. ತೇಕಲು ಶುರು ಮಾಡಿದರೆ ಅದು ನಿಧಾನವಾಗಿ 40, 60, 80 ಅಂತ ಏರುವುದಿಲ್ಲ. ಹೆಚ್ಚುಕಡಿಮೆ ಒಂದೇ ಸಲ 300ರ ಆಸುಪಾಸಿಗೆ ಜಿಗಿಯುತ್ತದೆ. ಮಧ್ಯದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಯಾಕೆ? 1962ರಲ್ಲಿ ಕ್ರಾಫರ್ಡ್ ಎಂಬ ವಿಜ್ಞಾನಿ ಇದನ್ನು ಅಳೆದು ನೋಡಿದರು. ನಾಯಿಯ ಎದೆಗೂಡು, ಶ್ವಾಸಕೋಶ, ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು) ಎಲ್ಲ ಸೇರಿ ಅವುಗಳದ್ದೇ ಆದ ಒಂದು ಸಹಜ ಲಯ ಇದೆ, ಸೆಕೆಂಡಿಗೆ ಸುಮಾರು 5 ಸಲ. ಉಯ್ಯಾಲೆಯಲ್ಲಿ ಮಗುವನ್ನು ಕೂರಿಸಿ ತೂಗುತ್ತೀರಲ್ಲ, ಅದು ಹಿಂದೆ ಬಂದು ಮುಂದೆ ಹೊರಡುವ ಹೊತ್ತಿಗೆ ಸರಿಯಾಗಿ ತಳ್ಳಿದರೆ ಒಂದು ಬೆರಳು ಸಾಕು. ಹೊತ್ತು ತಪ್ಪಿಸಿ ತಳ್ಳಿದರೆ ಭುಜ ನೋಯುತ್ತದೆ. ನಾಯಿ ತೇಕುವುದು ಆ ಸರಿಯಾದ ಹೊತ್ತಿನಲ್ಲಿ. ಎದೆ ತನ್ನಷ್ಟಕ್ಕೆ ಪುಟಿಯುವ ಲಯಕ್ಕೆ ಸ್ನಾಯು ಸ್ವಲ್ಪ ಕೈ ಹಾಕುತ್ತದೆ, ಅಷ್ಟೇ. ಇಲ್ಲದಿದ್ದರೆ ಅಷ್ಟು ಬೇಗ ಉಸಿರಾಡುವ ದುಡಿಮೆಯೇ ಮೈಯನ್ನು ಇನ್ನಷ್ಟು ಕಾಯಿಸಿಬಿಡುತ್ತಿತ್ತು.

ಇನ್ನೊಂದು ತೊಡಕು ಇದೆ. ನೀವು ನಿಮಿಷಕ್ಕೆ 300 ಸಲ ಜೋರಾಗಿ ಉಸಿರಾಡಲು ಹೋದರೆ ತಲೆ ತಿರುಗಿ ಬೀಳುತ್ತೀರಿ. ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಅಷ್ಟೂ ಹೊರಗೆ ಹೋಗಿಬಿಡುತ್ತದೆ. ನಾಯಿ ಬೀಳುವುದಿಲ್ಲ. ಯಾಕೆಂದರೆ ತೇಕುವಾಗ ಅದರ ಉಸಿರು ಬಹಳ ಮೇಲುಮೇಲಿನದು. ಹೆಚ್ಚಿನ ಗಾಳಿ ಮೂಗು, ಬಾಯಿ, ಗಂಟಲಿನವರೆಗೆ ಬಂದು ವಾಪಸ್ ಹೋಗುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವುದು ಸ್ವಲ್ಪವೇ.

ಈಗ ನಾಲಿಗೆಯ ವಿಷಯ. ತಂಪು ಮಾಡುವುದೆಲ್ಲ ನಾಲಿಗೆಯೇ ಅಂತ ಸುಮಾರು ಜನ ನಂಬಿದ್ದಾರೆ. ದೊಡ್ಡ ಕೆಲಸ ಮೂಗಿನದು. ಡ್ಯೂಕ್ ವಿಶ್ವವಿದ್ಯಾಲಯದ ಕ್ನುಟ್ ಶ್ಮಿಟ್-ನೀಲ್ಸನ್, ಮರುಭೂಮಿಯ ಒಂಟೆಗಳ ಅಧ್ಯಯನದಿಂದ ಹೆಸರಾದವರು, 1970ರಲ್ಲಿ ತಮ್ಮ ಸಂಗಡಿಗರ ಜೊತೆ ತೋರಿಸಿದ್ದು ಇದನ್ನೇ. ತೇಕುವ ನಾಯಿ ಗಾಳಿಯನ್ನು ಬಹುಪಾಲು ಮೂಗಿನಿಂದ ಎಳೆದುಕೊಂಡು ಬಾಯಿಯಿಂದ ಬಿಡುತ್ತದೆ. ಮೂಗಿನೊಳಗೆ ಸುರುಳಿ ಸುರುಳಿಯಾದ ತೆಳು ಎಲುಬಿನ ಪದರಗಳಿವೆ, ಅವುಗಳ ಮೇಲೆ ಒದ್ದೆ ಚರ್ಮ, ಅದರ ಕೆಳಗೆ ರಕ್ತ. ಅಲ್ಲಿ ಹಾದುಹೋಗುವ ಗಾಳಿ ನೀರನ್ನು ಆವಿ ಮಾಡುತ್ತದೆ, ಬಿಸಿ ಕಳೆದುಕೊಂಡ ರಕ್ತ ಮೈಗೆ ಮರಳುತ್ತದೆ. ಅದೇ ಗಾಳಿ ಮೂಗಿನಿಂದಲೇ ಹೊರಟಿದ್ದರೆ ಬಿಸಿಯ ಒಂದು ಪಾಲನ್ನು ಅಲ್ಲೇ ಬಿಟ್ಟು ಹೋಗುತ್ತಿತ್ತು. ಅದಕ್ಕೇ ಬಾಯಿ ದಾರಿ. ಅಷ್ಟು ನೀರು ಎಲ್ಲಿಂದ? ಮೂಗಿನ ಪಕ್ಕದಲ್ಲಿ ಒಂದು ಗ್ರಂಥಿಯೇ ಇದೆ. ಬಿಸಿ ಹೆಚ್ಚಾದಂತೆ ಅದು ಹೆಚ್ಚು ನೀರು ಸುರಿಸುತ್ತದೆ ಅಂತ 1972ರಲ್ಲಿ ಗೊತ್ತಾಯಿತು.

ಈ ಯಂತ್ರಕ್ಕೆ ಮುಂಬೈಯಲ್ಲಿ ಏನಾಗುತ್ತದೆ ಅನ್ನುವುದೇ ನನ್ನ ಮುಖ್ಯ ಮಾತು.

ಪುಣೆಯಲ್ಲಿರುವ ನಮ್ಮ ಭಾವ ಫೋನ್ ಮಾಡಿದಾಗಲೆಲ್ಲ ಹೇಳುತ್ತಾರೆ, "ನಿಮ್ಮಲ್ಲಿ 33, ನಮ್ಮಲ್ಲಿ 38. ಮುಂಬೈ ನಾಯಿಗೆ ಎಂಥ ಕಷ್ಟ ಮಾರಾಯ್ರೆ?" ಥರ್ಮಾಮೀಟರ್ ಒಂದನ್ನೇ ನಂಬಿದರೆ ಅವರ ಮಾತು ಸರಿ. ಲೆಕ್ಕ ಹಾಕಿ ನೋಡೋಣ. 38 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 46 ಗ್ರಾಂ ನೀರಾವಿ ಹಿಡಿದುಕೊಳ್ಳುತ್ತದೆ. ನಾಯಿಯ ಮೂಗು ಬಾಯಿಯೊಳಗಿನ ಬಿಸಿಯೂ ಸುಮಾರು ಅಷ್ಟೇ. ಪುಣೆಯ ಒಣ ಮಧ್ಯಾಹ್ನ, 38 ಡಿಗ್ರಿ, ತೇವಾಂಶ ಶೇಕಡಾ 25 ಅಂದರೆ ಒಳಗೆ ಬರುವ ಗಾಳಿಯಲ್ಲಿ ಆಗಲೇ 12 ಗ್ರಾಂ ನೀರಿದೆ. ಇನ್ನೂ 34 ಗ್ರಾಂಗೆ ಜಾಗ ಇದೆ. ಮುಂಬೈಯ 33 ಡಿಗ್ರಿ, ತೇವಾಂಶ ಶೇಕಡಾ 70. ಆ ಗಾಳಿ 25 ಗ್ರಾಂ ಹೊತ್ತುಕೊಂಡೇ ಬರುತ್ತದೆ. ಉಳಿದ ಜಾಗ 21 ಗ್ರಾಂ ಮಾತ್ರ. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಬಿಸಿ ತೆಗೆದುಕೊಂಡು ಹೋಗುತ್ತದೆ. ಆವಿಯಿಂದ ಅಷ್ಟೇ ತಂಪು ಸಿಗಬೇಕಾದರೆ ಮುಂಬೈ ನಾಯಿ ಒಂದೂವರೆ ಪಟ್ಟಿಗಿಂತ ಜಾಸ್ತಿ ಗಾಳಿ ಆಡಿಸಬೇಕು. ಪುಣೆಯ ಬಿಸಿಲು ಸುಲಭ ಅಂತ ನಾನು ಹೇಳುತ್ತಿಲ್ಲ. ಮೈಯಷ್ಟೇ ಬಿಸಿಯಾದ ಗಾಳಿ ಮೈಯಿಂದ ನೇರವಾಗಿ ಬಿಸಿ ತೆಗೆಯುವುದಿಲ್ಲ. ಆದರೆ ಅಲ್ಲಿ ಏದುಸಿರಿನ ಯಂತ್ರ ಪೂರ್ತಿ ದುಡಿಯುತ್ತದೆ, ಇಲ್ಲಿ ಅರೆಬರೆ. ಜೂನ್ ಮೊದಲ ವಾರ, ಮೋಡ ಕಟ್ಟಿ ಮಳೆ ಬಾರದ ದಿನಗಳಿವೆಯಲ್ಲ, ಮತ್ತೆ ಅಕ್ಟೋಬರ್, ಆಗ ನೆರಳಿನಲ್ಲೇ ಇದ್ದ ನಾಯಿಗೂ ಕಷ್ಟ ಬರುವುದು ಇದಕ್ಕೇ.

ಬೆಳಿಗ್ಗೆ ಮೊಬೈಲ್‌ನಲ್ಲಿ ತೇವಾಂಶ ಶೇಕಡಾ 85 ಅಂತ ನೋಡಿ, "ಹಾಗಾದರೆ ಬೆಳಗಿನ ವಾಕಿಂಗ್ ಇನ್ನೂ ಕೆಟ್ಟದ್ದಲ್ವಾ?" ಅಂತ ಕೇಳುವವರಿದ್ದಾರೆ. ಅಲ್ಲ. 26 ಡಿಗ್ರಿಯ ಗಾಳಿಯಲ್ಲಿ ಶೇಕಡಾ 85 ಅಂದರೆ 21 ಗ್ರಾಂ ಅಷ್ಟೇ. ಮಧ್ಯಾಹ್ನಕ್ಕಿಂತ ಕಮ್ಮಿ. ಗಾಳಿಯೂ ತಣ್ಣಗಿರುತ್ತದೆ, ರಸ್ತೆಯ ಡಾಂಬರೂ ಆರಿರುತ್ತದೆ. ಸೂರ್ಯ ಹುಟ್ಟುವ ಮುಂಚೆ ಹೋಗಿ ಬನ್ನಿ.

ಪಗ್ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. 2003ರ ಹಚ್ ಮೊಬೈಲ್ ಜಾಹೀರಾತಿನ ಮೇಲೆ ಮನೆಮನೆಗೂ ಪಗ್ ಬಂತು. ಮುದ್ದಾದ ಚಪ್ಪಟೆ ಮುಖ. ಆದರೆ ಆ ಮುಖ ಗಿಡ್ಡ ಮಾಡುವಾಗ ಗಿಡ್ಡವಾಗಿದ್ದು ಎಲುಬು. ಒಳಗಿನ ಮೆತ್ತನೆಯ ಮಾಂಸ ಅಷ್ಟೇ ಗಿಡ್ಡವಾಗಲಿಲ್ಲ. ಮೂಗಿನ ಸುರುಳಿಗಳು ಒತ್ತೊತ್ತಾಗಿ ದಾರಿ ಕಟ್ಟಿಕೊಂಡಿವೆ, ಮೂಗಿನ ಹೊಳ್ಳೆ ಸಣ್ಣ ಸೀಳು, ಮೃದು ಅಂಗುಳು ಉದ್ದವಾಗಿ ಗಂಟಲಿಗೆ ಜೋತುಬಿದ್ದಿದೆ. ಗಾಳಿ ಎಳೆಯಲು ಅದು ಹೆಣಗಬೇಕು. ಹೆಣಗಿದಷ್ಟೂ ಸ್ನಾಯು ಕಾಯುತ್ತದೆ, ಕಾದಷ್ಟೂ ಮತ್ತೆ ತೇಕಬೇಕು, ತೇಕಿದಷ್ಟೂ ಗಂಟಲು ಊದುತ್ತದೆ. ರಾತ್ರಿ ಅದು ಗೊರಕೆ ಹೊಡೆಯುವುದನ್ನು ಕೇಳಿ ನಗುತ್ತೇವೆ, ಅದು ಉಸಿರಿನ ದಾರಿ ಕಟ್ಟಿಕೊಂಡ ಸದ್ದು. ಫ್ರೆಂಚ್ ಬುಲ್‌ಡಾಗ್, ಶಿಟ್ಜು ಕಥೆಯೂ ಇದೇ. ಅದರ ಮೇಲೆ ಬೊಜ್ಜು ಬೆಳೆಸಿಬಿಟ್ಟರೆ ಇನ್ನೂ ಕಷ್ಟ.

ಹಸ್ಕಿಗೆ ಮೂಗು ಉದ್ದವೇ ಇದೆ. ಅದರ ತೊಂದರೆ ಸೈಬೀರಿಯಾದ ಚಳಿಗೆ ಹೊಲಿದ ಎರಡು ಪದರದ ಕೂದಲು. ಡೊಂಬಿವಲಿಯ ನಾಲ್ಕನೇ ಮಹಡಿಯಲ್ಲಿ ಹಗಲಿಡೀ ಏಸಿ ಹಾಕಿ ಸಾಕುತ್ತೇವೆ ಅನ್ನುವವರಿಗೆ ನಾನು ಕೇಳುವುದು ಒಂದೇ: ಕರೆಂಟ್ ಹೋದರೆ? ಈಗಾಗಲೇ ತಂದಿದ್ದರೆ ಬೋಳಿಸಲು ಹೋಗಬೇಡಿ. ಒಳಗಿನ ಉದುರುವ ತುಪ್ಪಳವನ್ನು ದಿನಾ ಬಾಚಿ ತೆಗೆಯಿರಿ. ಹೊರಗಿನ ಕೂದಲು ಬಿಸಿಲಿನಿಂದ ಚರ್ಮವನ್ನು ಕಾಪಾಡುತ್ತದೆ.

ನಮ್ಮ ಬೀದಿ ನಾಯಿಯನ್ನು ನೋಡಿ. ಉದ್ದ ಮೂತಿ, ತೆಳು ಮೈ, ಗಿಡ್ಡ ಕೂದಲು, ನಿಂತ ದೊಡ್ಡ ಕಿವಿ. ಹಗಲು ಪೂರ್ತಿ ಕಾರಿನ ಕೆಳಗೆ, ಬಿಲ್ಡಿಂಗ್ ಲಾಬಿಯ ಟೈಲ್ಸ್ ಮೇಲೆ ಹೊಟ್ಟೆ ಅಂಟಿಸಿ ಮಲಗುತ್ತದೆ. ವರ್ಸೋವಾ ಕಡಲ ದಂಡೆಯಲ್ಲಾದರೆ ಮೇಲಿನ ಬಿಸಿ ಮರಳು ಕೆರೆದು ಒಳಗಿನ ತಂಪು ಮರಳಿಗೆ ಹೊಟ್ಟೆ ಕೊಡುತ್ತದೆ. ಹೊಟ್ಟೆಯ ಮೇಲೆ ಕೂದಲು ಕಮ್ಮಿ, ಬಿಸಿ ಅಲ್ಲಿಂದ ಸುಲಭವಾಗಿ ಇಳಿಯುತ್ತದೆ. ಅದನ್ನು ಸೋಮಾರಿ ಅನ್ನಬೇಡಿ, ಲಾಬಿಯಿಂದ ಓಡಿಸಲೂ ಬೇಡಿ. ನಮ್ಮ ಬಾಗಲಕೋಟೆ ಕಡೆಯ ಮುಧೋಳ ನಾಯಿಗೂ ಇದೇ ಉದ್ದ ಮೂತಿ, ತೆಳು ಮೈ, ಗಿಡ್ಡ ಕೂದಲು. 2005ರಲ್ಲಿ ಅಂಚೆ ಇಲಾಖೆ ಅದರ ಸ್ಟ್ಯಾಂಪ್ ತಂದಾಗ ಎಷ್ಟೊಂದು ಖುಷಿಪಟ್ಟಿದ್ದೆವು. ಆದರೆ ಅದು ಓಡಲು ಹುಟ್ಟಿದ್ದು, ಒಂದು ಬೆಡ್‌ರೂಮಿನ ಫ್ಲ್ಯಾಟಿಗಲ್ಲ.

ತೇಕುವ ನಾಯಿಯನ್ನು ಕಂಡು ತಪ್ಪು ತಿಳಿಯುವುದು ಹೊಸದೇನೂ ಅಲ್ಲ. ಇದೇ ಊರಿನಲ್ಲಿ ಅದಕ್ಕೆ ರಕ್ತಸಿಕ್ತ ಇತಿಹಾಸ ಇದೆ. ಬೇಸಿಗೆಯ ಧಗೆಗೆ ನಾಯಿಗೆ ಹುಚ್ಚು ಹಿಡಿಯುತ್ತದೆ ಅಂತ ಯುರೋಪಿನಲ್ಲಿ ಗ್ರೀಕರ, ರೋಮನ್ನರ ಕಾಲದಿಂದ ನಂಬಿಕೆ. ಅವರು ನಾಯಿ ನಕ್ಷತ್ರ ಅನ್ನುತ್ತಿದ್ದ ಲುಬ್ಧಕ ಸೂರ್ಯನ ಜೊತೆ ಹುಟ್ಟುವ ದಿನಗಳಿಗೇ ಅವರು ನಾಯಿಯ ಹೆಸರಿಟ್ಟಿದ್ದರು. ಕಂಪನಿ ಕಾಲದ ಬಾಂಬೆಯಲ್ಲೂ ಬೀದಿ ನಾಯಿಗಳನ್ನು ಕೊಲ್ಲಲು ಸೆಕೆಯ ತಿಂಗಳುಗಳನ್ನೇ ಗೊತ್ತು ಮಾಡಿದ್ದರು. 1832ರಲ್ಲಿ ಆ ಅವಧಿಯನ್ನು ಜೂನ್ 15ರವರೆಗೆ ಎಳೆದು, ಒಂದು ನಾಯಿಗೆ 8 ಆಣೆ ಇನಾಮು ಕೊಡತೊಡಗಿದರು. ಇನಾಮಿನ ಆಸೆಗೆ ಸಾಕಿದ ನಾಯಿಗಳನ್ನೂ ಬಿಡಲಿಲ್ಲ. ಪಾರ್ಸಿಗಳಿಗೆ ನಾಯಿ ಪವಿತ್ರ. ಸತ್ತವರ ಮುಖವನ್ನು ನಾಯಿಗೆ ತೋರಿಸುವುದು ಅವರ ಅಂತ್ಯಕ್ರಿಯೆಯ ಭಾಗ. ಜೂನ್ 6ರಂದು ಕೋಟೆ ಪ್ರದೇಶದಲ್ಲಿ ಅವರು ತಿರುಗಿಬಿದ್ದರು. ಅಂಗಡಿಗಳು ಮುಚ್ಚಿದವು, ಸೈನ್ಯಕ್ಕೆ ಹೋಗುವ ಸಾಮಾನು ನಿಂತಿತು. ಎರಡು ವರ್ಷದ ಮೇಲೆ, 1834ರಲ್ಲಿ, ಪಾರ್ಸಿ ವ್ಯಾಪಾರಿ ಜಮ್ಶೇಟ್‌ಜಿ ಜೀಜೀಭಾಯ್ ಮುಂದೆ ನಿಂತು ಭುಲೇಶ್ವರದಲ್ಲಿ ಪಾಂಜ್ರಾಪೋಳ, ಅಂದರೆ ದಿಕ್ಕಿಲ್ಲದ ಪ್ರಾಣಿಗಳ ಆಶ್ರಯ, ಕಟ್ಟಿಸಿದರು. ಅದು ಇಂದಿಗೂ ಇದೆ.

ಹುಚ್ಚುನಾಯಿ ರೋಗ ಬರುವುದು ವೈರಸ್‌ನಿಂದ, ಬಿಸಿಲಿನಿಂದಲ್ಲ. 1885ರಲ್ಲಿ ಪಾಶ್ಚರ್ ಮೊದಲ ಬಾರಿ ಒಬ್ಬ ಹುಡುಗನಿಗೆ ಅದರ ಲಸಿಕೆ ಕೊಟ್ಟರು. ಅಷ್ಟಾದರೂ ನಮ್ಮ ಸೊಸೈಟಿಗಳಲ್ಲಿ ಏಪ್ರಿಲ್ ಬಂದರೆ, "ಅದರ ಬಾಯಿಂದ ಜೊಲ್ಲು ಸುರೀತಿದೆ, ಹುಚ್ಚು ಹಿಡಿದಿರಬೇಕು" ಅಂತ ಕಲ್ಲು ಎತ್ತುವವರು ಇದ್ದಾರೆ. ನೆರಳಿನಲ್ಲಿ ಮಲಗಿ ತೇಕುತ್ತಾ, ನೀರಿಟ್ಟರೆ ಕುಡಿಯುವ ನಾಯಿಗೆ ಹೆಚ್ಚಾಗಿ ಸೆಕೆಯಷ್ಟೇ ಆಗಿರುತ್ತದೆ. ದವಡೆ ಜೋತುಬಿದ್ದು, ನುಂಗಲಾಗದೆ, ತೂರಾಡುತ್ತಾ, ಸಿಕ್ಕಿದ್ದನ್ನು ಕಚ್ಚುವ ನಾಯಿಯ ಹತ್ತಿರ ಮಾತ್ರ ಹೋಗಬೇಡಿ. ಯಾವ ನಾಯಿ ಕಚ್ಚಿದರೂ, ಯಾವ ತಿಂಗಳಾದರೂ, ಗಾಯವನ್ನು ಸೋಪು ಹಾಕಿ 15 ನಿಮಿಷ ನಲ್ಲಿ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಮನೆಯೊಳಗೂ ಇಂಥ ನಂಬಿಕೆ ಕಮ್ಮಿಯೇನಿಲ್ಲ. ಮೂಗು ಒಣಗಿದರೆ ಜ್ವರ ಅನ್ನುತ್ತಾರೆ. ಮಲಗಿ ಎದ್ದ ನಾಯಿಯ ಮೂಗು ಸುಮ್ನೆ ಒಣಗಿರುತ್ತದೆ. "ಮೈ ಉಷ್ಣ ಆಗಿದೆ, ಈರುಳ್ಳಿ ಕೊಡಿ" ಅನ್ನುವುದು ಮಾತ್ರ ತೀರಾ ಅಪಾಯದ ಮಾತು. ಈರುಳ್ಳಿ ಹಸಿಯಾಗಲಿ ಬೇಯಿಸಿದ್ದಾಗಲಿ ನಾಯಿಗೆ ವಿಷ. ಕೆಂಪು ರಕ್ತಕಣಗಳು ಒಡೆದು ಕೆಲವು ದಿನಗಳಲ್ಲಿ ರಕ್ತಹೀನತೆ ಕಾಣಿಸಿಕೊಳ್ಳುತ್ತದೆ. ಉಳಿದ ಸಾಂಬಾರು ಕಲಸಿ ಹಾಕುವ ಮನೆಯವರು ಇದನ್ನು ನೆನಪಿಡಬೇಕು. ಲಿಫ್ಟಿಗಾಗಿ ಮೂತಿಗೆ ಬಟ್ಟೆಯ ಮಝಲ್ (ಬಾಯಿಪಟ್ಟಿ) ಬಿಗಿದು ಹಾಗೇ ವಾಕಿಂಗ್ ಹೋಗುವುದೂ ತಪ್ಪು. ಬಾಯಿ ತೆರೆಯದ ನಾಯಿ ತೇಕುವುದಾದರೂ ಹೇಗೆ? ಬೇಕೇ ಬೇಕು ಅಂದರೆ ಬುಟ್ಟಿಯ ಹಾಗಿರುವ, ಒಳಗೆ ಬಾಯಿ ಪೂರ್ತಿ ತೆರೆಯುವಂಥದ್ದನ್ನು ತನ್ನಿ.

ಫ್ಯಾನ್ ಹಾಕಿದರೆ ನಮಗೆ ತಂಪಾಗುವುದು ಬೆವರು ಆರುವುದರಿಂದ. ನಾಯಿಗೆ ಬೆವರಿಲ್ಲ, ಒಣ ಕೂದಲಿನ ಮೇಲೆ ಫ್ಯಾನ್ ಗಾಳಿ ಹೆಚ್ಚೇನೂ ಮಾಡುವುದಿಲ್ಲ. ಹೊಟ್ಟೆ, ತೊಡೆಸಂದು, ಅಂಗಾಲು ಒದ್ದೆ ಮಾಡಿ ಆಮೇಲೆ ಫ್ಯಾನ್ ಹಾಕಿ, ಆಗ ನೋಡಿ. ಏಸಿ ಇನ್ನೂ ಒಳ್ಳೆಯದು, ಯಾಕೆಂದರೆ ಅದು ಗಾಳಿಯನ್ನು ಒಣಗಿಸುತ್ತದೆ. ಹೊರಗೆ ಪೈಪಿನಿಂದ ತೊಟ್ಟಿಕ್ಕುವ ನೀರೆಲ್ಲ ನಿಮ್ಮ ಕೋಣೆಯ ಗಾಳಿಯಲ್ಲಿದ್ದದ್ದೇ.

ಇಷ್ಟೆಲ್ಲ ಮಾಡಿಯೂ ಒಂದು ದಿನ ಕೈಮೀರಬಹುದು. ತೇಕುವ ಸದ್ದು ಒರಟಾಗುತ್ತದೆ, ನಾಲಿಗೆಯ ತುದಿ ಅಗಲವಾಗಿ ಹರಡುತ್ತದೆ, ಜೊಲ್ಲು ಅಂಟಂಟಾಗುತ್ತದೆ, ವಸಡು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಕಾಲು ತಡವರಿಸುತ್ತದೆ. ಆಗ ಮೊದಲು ಆಟೋ ಹುಡುಕಬೇಡಿ, ಮೊದಲು ನೀರು. ಪೈಪ್, ಬಕೆಟ್, ಮಗ್, ಸಿಕ್ಕಿದ್ದರಿಂದ ಮೈಗೆ ನೀರು ಸುರಿಯುತ್ತಲೇ ಇರಿ. ತಣ್ಣೀರು ಹಾಕಿದರೆ ಆಘಾತವಾಗಿ ಸಾಯುತ್ತದೆ ಅನ್ನುವ ಹೆದರಿಕೆಯಿಂದ ಕೈಕಟ್ಟಿ ನಿಲ್ಲಬೇಡಿ, ತಡ ಮಾಡಿದಷ್ಟೂ ಒಳಗಿನ ಅಂಗಗಳು ಕೆಡುತ್ತವೆ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಬೇಗ ಬಿಸಿಯಾಗಿ ಮೈಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಬಾಯಿಗೆ ಒತ್ತಾಯದಿಂದ ನೀರು ಸುರಿಯಬೇಡಿ. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ 39.5ಕ್ಕೆ ಇಳಿದ ಕೂಡಲೇ ನಿಲ್ಲಿಸಿ. ಆಮೇಲೆ ಗಾಡಿಯ ಕಿಟಕಿ ತೆರೆದೋ ಏಸಿ ಹಾಕಿಯೋ ಹತ್ತಿರದ ಪ್ರಾಣಿಗಳ ಆಸ್ಪತ್ರೆಗೆ ಹೊರಡಿ. ದಾರಿಯಲ್ಲೇ ಅದು ಎದ್ದು ಬಾಲ ಆಡಿಸಿದರೂ ವಾಪಸ್ ತಿರುಗಬೇಡಿ. ಮೂತ್ರಪಿಂಡದ ಹಾನಿ, ರಕ್ತ ಹೆಪ್ಪುಗಟ್ಟುವ ತೊಂದರೆ ಹೊರಗೆ ಕಾಣಿಸಲು ಒಂದೆರಡು ದಿನ ಬೇಕು, ರಕ್ತ ಪರೀಕ್ಷೆಯಲ್ಲಿ ಮಾತ್ರ ಅದು ಬೇಗ ಸಿಗುತ್ತದೆ.